ಉಂಡಿಗೆ ಕಾಯುವ ಮಕ್ಕಳು, ಉಂಡಿ ಹಂಚುವ ಮಕ್ಕಳು

ನಾಗರ ಪಂಚಮಿ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಶೇಂಗಾ, ಎಳ್ಳು, ಬೂಂದಿ ಉಂಡಿಗಳು ಡಬ್ಬಿ ತುಂಬುತ್ತವೆ. ನಾಗಪ್ಪನಿಗೆ ಹಾಲೆರೆದು ಎಡೆ ಹಿಡಿಯುವ ತನಕ ಮಕ್ಕಳು ಅವನ್ನು ಮುಟ್ಟುವಂತಿಲ್ಲ. ಆಮೇಲೆ ಉಂಡಿ ತುಂಬಿದ ತಾಟು ನೆರೆಮನೆಗೂ ಹೋಗಬೇಕು. ಅದನ್ನು ಒಯ್ಯುವವರು ಹೆಚ್ಚಾಗಿ ಮಕ್ಕಳೇ. ಕಾಯುವುದು, ಕೊಡುವುದು ಎರಡನ್ನೂ ಮಗು ಒಂದೇ ಹಬ್ಬದಲ್ಲಿ ಕಲಿಯುತ್ತದೆ. ಆದರೆ ಕಾಯಬಲ್ಲ ಮಗು ಕೊಡಬಲ್ಲ ಮಗುವೂ ಆಗುತ್ತದೆಯೇ?

ಮಕ್ಕಳ ಸಂಯಮವನ್ನು ಅಳೆಯುವ ಹೆಸರಾಂತ ಪ್ರಯೋಗವನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಆರಂಭಿಸಿದರು. ಈಗಲೇ ಬೇಕೆಂದರೆ ಒಂದು ಮಿಠಾಯಿ, ಸ್ವಲ್ಪ ಹೊತ್ತು ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರೆಂಬ ಮಾತು ಲೋಕಪ್ರಸಿದ್ಧವಾಯಿತು. ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದ 2018ರ ಅಧ್ಯಯನವು, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ ಆ ಸಂಬಂಧ ಬಹಳಷ್ಟು ಕುಗ್ಗುವುದನ್ನು ತೋರಿಸಿತು. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಕಂಡಿದ್ದರು: ಕೊಟ್ಟ ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡ ಮಕ್ಕಳು ಸುಮಾರು 12 ನಿಮಿಷ ಕಾದರು, ಮಾತು ತಪ್ಪಿದವರನ್ನು ಕಂಡ ಮಕ್ಕಳು ಸುಮಾರು 3 ನಿಮಿಷ ಮಾತ್ರ.

ಆದರೆ ಇಲ್ಲೆಲ್ಲ ಮಗು ಕಾಯುವುದು ತನ್ನ ಹೆಚ್ಚಿನ ಪಾಲಿಗಾಗಿ. ಹಂಚುವ ಗುಣದ ಬಗೆ ಬೇರೆ. ಅಮೆರಿಕದಲ್ಲಿ 3ರಿಂದ 8 ವರ್ಷದ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು ನಡೆಸಿದ 2013ರ ಅಧ್ಯಯನದಲ್ಲಿ, ಸಮಪಾಲು ಮಾಡಬೇಕೆಂದು ಚಿಕ್ಕವರೂ ಹೇಳಿದರು. ಆದರೂ ಹೆಚ್ಚಿನದನ್ನು ತಾವೇ ಇಟ್ಟುಕೊಂಡರು. ಹಾಗೆ ಇಟ್ಟುಕೊಳ್ಳುವೆವೆಂದು ಅವರಿಗೆ ಮೊದಲೇ ಗೊತ್ತಿತ್ತು! ಏಳೆಂಟು ವರ್ಷದವರು ಅರ್ಧದಷ್ಟು ಕೊಟ್ಟರು. ಅಂದರೆ ಚಿಕ್ಕವರ ಕೈ ಹಿಂಜರಿಯಲು ಸಂಯಮದ ಕೊರತೆಯೊಂದೇ ಕಾರಣವಲ್ಲ. ಭಾರತದ ಹಳ್ಳಿಗಾಡು ಹಾಗೂ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಪುಣ ಹಿರಿಯರನ್ನು ನೋಡಿದ ಮಕ್ಕಳು ಎರಡೂ ಕಡೆ ಕೈ ಬಿಗಿಹಿಡಿದರು. ಉದಾರಿಗಳನ್ನು ನೋಡಿ ಹೆಚ್ಚು ಕೊಟ್ಟವರು ಭಾರತದ ಮಕ್ಕಳು.

ನಮ್ಮ ನಾಡಿನಲ್ಲಿ ಈ ಪಾಠ ಹಳೆಯದು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜತೆಗೆ ದಾಸೋಹವನ್ನೂ ಇಟ್ಟರು. ಅದೇ ಹೆಸರು ಹೊತ್ತ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಬೆಳಗಾವಿ ಸೇರಿ ಉಳಿದ ಜಿಲ್ಲೆಗಳಿಗೆ ಬಂತು. ಪಂಕ್ತಿಯಲ್ಲಿ ಕುಳಿತ ಮಗು ಎಲ್ಲರಿಗೂ ಬಡಿಸುವ ತನಕ ತಡೆಯಬೇಕಾದರೆ ತನ್ನ ತಾಟಿಗೂ ಅನ್ನ ಬಂದೇ ಬರುತ್ತದೆಂಬ ನಂಬಿಕೆ ಅದಕ್ಕಿರಬೇಕು. ಆ ನಂಬಿಕೆ ಉಳಿಸುವುದು, ಕೊಟ್ಟು ತೋರಿಸುವುದು ದೊಡ್ಡವರ ಹೊಣೆ.