ಸಭಾಪಾಲಕನ ಮಾತಿನ ಭಾರ

ಸಭಾಪಾಲಕನ ಮಾತು ದೇವಾಲಯದ ಗೋಡೆಗಳೊಳಗೇ ಉಳಿಯುವುದಿಲ್ಲ. ಅಮೆರಿಕದ ವಸಾಹತು ಪಟ್ಟಣವಾಗಿದ್ದ ಬೋಸ್ಟನ್‌ನಲ್ಲಿ 1685ರಿಂದ 1728ರವರೆಗೆ ಸೇವೆ ಸಲ್ಲಿಸಿದ ಪ್ಯೂರಿಟನ್ ಸಭಾಪಾಲಕ ಕಾಟನ್ ಮೇಥರ್ ಅವರ ಜೀವನವೇ ಇದಕ್ಕೆ ಸಾಕ್ಷಿ.

1692ರಲ್ಲಿ ಸಮೀಪದ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಸ್ತ್ರೀಪುರುಷರನ್ನು ಗಲ್ಲಿಗೇರಿಸಲಾಯಿತು. ದೆವ್ವದ ದರ್ಶನಗಳನ್ನೇ ಸಾಕ್ಷ್ಯವೆಂದು ನೆಚ್ಚಬಾರದೆಂದು ಮೊದಲು ಎಚ್ಚರಿಸಿದ್ದ ಮೇಥರ್ ಅವರೇ ಬಳಿಕ ಗ್ರಂಥ ಬರೆದು ಆ ತೀರ್ಪುಗಳನ್ನು ಸಮರ್ಥಿಸಿದರು.

1706ರಲ್ಲಿ ಸಭೆಯವರು ಅವರಿಗೆ ಆಫ್ರಿಕಾದ ದಾಸನೊಬ್ಬನನ್ನು ಕಾಣಿಕೆಯಾಗಿ ಕೊಟ್ಟರು. ಅವರು ಆತನಿಗೆ ಒನೇಸಿಮನೆಂದು ಹೆಸರಿಟ್ಟರು. ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮದಲ್ಲಿ ಗೀರಿ ಸೇರಿಸುವ ತನ್ನ ನಾಡಿನ ಪದ್ಧತಿಯನ್ನು ಆತನೇ ಅವರಿಗೆ ತಿಳಿಸಿದನು. 1721ರಲ್ಲಿ ಬೋಸ್ಟನ್‌ಗೆ ಸಿಡುಬು ಬಂದಾಗ, ಮೇಥರ್ ಅವರ ಪ್ರೇರಣೆಯಿಂದ ವೈದ್ಯ ಬಾಯ್ಲ್‌ಸ್ಟನ್ 242 ಮಂದಿಗೆ ಹಾಗೆ ಮಾಡಿದರು. ಅವರಲ್ಲಿ ಸತ್ತವರು 6 ಮಂದಿ; ಸಹಜವಾಗಿ ರೋಗ ತಗುಲಿದವರಲ್ಲಿ ಸುಮಾರು ಏಳಕ್ಕೊಬ್ಬರು. ಆದರೂ ಕೆರಳಿದವರು ಮೇಥರ್ ಮನೆಗೆ ಬಾಂಬು ಎಸೆದರು, ಅದು ಸಿಡಿಯಲಿಲ್ಲ.

ಒನೇಸಿಮನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಪೌಲನು ಫಿಲೆಮೋನನಿಗೆ ಬರೆದನು. ಅದೇ ಹೆಸರನ್ನಿಟ್ಟ ಮೇಥರ್ ಅವರು ಆತನನ್ನು ವರ್ಷಗಟ್ಟಲೆ ದಾಸನಾಗಿಯೇ ಇಟ್ಟುಕೊಂಡರು. ಅಧಿಕಾರಸ್ಥರ ಪರ ನಿಂತಾಗ ಅವರ ಲೇಖನಿ ಅನ್ಯಾಯಕ್ಕೆ ಮರೆಯಾಯಿತು; ದಾಸನ ಮಾತಿಗೆ ಕಿವಿಗೊಟ್ಟಾಗ ಜೀವಗಳು ಉಳಿದವು. ನಮ್ಮ ಸಭೆಗಳಲ್ಲಿ ನಾವು ಯಾರ ಮಾತಿಗೆ ಕಿವಿಗೊಡುತ್ತಿದ್ದೇವೆ?