ಕಬ್ಬಿಣದ ಸಾಲು, ಪೆಟ್ರೋಲಿನ ಸಾಲು

ಟರ್ಬೊ ಕಾರಿನ ಆಯಿಲ್ ಬದಲಿಸುವಾಗ ಸಣ್ಣ ಬಾಟಲಿಯಲ್ಲಿ ಸ್ವಲ್ಪ ಹಳೆ ಆಯಿಲ್ ಹಿಡಿದು ಲ್ಯಾಬಿಗೆ ಕಳಿಸಿದರೆ ಒಂದು ಪುಟದ ವರದಿ ಬರುತ್ತದೆ. ಮಾಲೀಕನ ಕಣ್ಣು ಮೊದಲು ಹೋಗುವುದು ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಂದು ಬರೆದ ಸಾಲುಗಳತ್ತ. ಅದು ಸಹಜವೇ, ಏಕೆಂದರೆ ಈ ವಿದ್ಯೆ ಬೆಳೆದದ್ದೇ ಲೋಹ ಎಣಿಸುವುದರಿಂದ. ಆದರೆ ಇಂದಿನ ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್ನಿನ ತೊಂದರೆ ಬಹಳ ಸಲ ಮೊದಲು ತಲೆ ಎತ್ತುವುದು ಬೇರೆ ಸಾಲುಗಳಲ್ಲಿ.

ಶುರುವಾದದ್ದು ರೈಲಿನಿಂದ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆಯ ಪ್ರಯೋಗಾಲಯ ಡೀಸೆಲ್ ಎಂಜಿನ್ನುಗಳ ಹಳೆ ಆಯಿಲನ್ನು ಸ್ಪೆಕ್ಟ್ರೋಗ್ರಾಫಿನಲ್ಲಿ ಉರಿಸಿ ನೋಡತೊಡಗಿತು. ಉರಿಯುವಾಗ ಪ್ರತಿ ಲೋಹವೂ ತನ್ನದೇ ತರಂಗಾಂತರದ ಬೆಳಕು ಸೂಸುತ್ತದೆ. ಆ ಬೆಳಕನ್ನು ಅಳೆದರೆ ಆಯಿಲಿನ ಹತ್ತು ಲಕ್ಷ ಭಾಗದಲ್ಲಿ ಲೋಹ ಎಷ್ಟು ಭಾಗವಿದೆ ಎಂಬ ಪಿಪಿಎಂ ಲೆಕ್ಕ ಸಿಗುತ್ತದೆ. ಕಬ್ಬಿಣ ಏರಿದರೆ ಲೈನರ್ ಮೇಲೆ ಸಂಶಯ, ಸೀಸ, ತಾಮ್ರ ಏರಿದರೆ ಬೇರಿಂಗ್ ಮೇಲೆ. ಎಂಜಿನ್ ಬಿಚ್ಚದೆ ಇಷ್ಟು ತಿಳಿಯುವುದು ಆ ಕಾಲಕ್ಕೆ ದೊಡ್ಡ ಸಂಗತಿ. 1955ರ ಹೊತ್ತಿಗೆ ಅಮೆರಿಕದ ನೌಕಾಪಡೆ ಇದನ್ನು ವಿಮಾನದ ಎಂಜಿನ್ನುಗಳಿಗೆ ಒಗ್ಗಿಸಲು ಹೊರಟಿತು. ನಮ್ಮಲ್ಲಿಯೂ ರೈಲ್ವೆ ಇದರ ಕೈಹಿಡಿಯಿತು. ಹುಬ್ಬಳ್ಳಿ, ಕೃಷ್ಣರಾಜಪುರಂನಂಥ ಡೀಸೆಲ್ ಶೆಡ್‌ಗಳಲ್ಲಿ ಲೋಕೊ ಆಯಿಲಿನ ಸ್ಪೆಕ್ಟ್ರೋ ಪರೀಕ್ಷೆ ದಿನನಿತ್ಯದ ಕೆಲಸ. ಅಲ್ಲಿನ ಹಳೆಯ ಆಲ್ಕೊ ಲೋಕೊಗಳ ಎಂಜಿನ್ನುಗಳಿಗೂ ಟರ್ಬೊ ಇತ್ತು ಎಂಬುದನ್ನು ಕಾರಿನವರು ಮರೆಯುತ್ತಾರೆ.

ರೈಲ್ವೆಗೆ ಒಂದು ಅನುಕೂಲವಿತ್ತು. ಒಂದೇ ಮಾದರಿಯ ಹತ್ತಾರು ಎಂಜಿನ್, ಒಂದೇ ಆಯಿಲ್, ತಪ್ಪದೆ ತೆಗೆದ ಸ್ಯಾಂಪಲ್. ಹಾಗಾಗಿ ಅಲ್ಲಿ ಒಂಟಿ ಅಂಕಿಗಿಂತ ಅದರ ಏರಿಳಿತಕ್ಕೆ ಬೆಲೆ. ಕಾರಿನವನ ಕೈಯಲ್ಲಿರುವುದು ಒಂದೋ ಎರಡೋ ವರದಿ, ಅದೂ ಒಂದು 5,000 ಕಿಲೋಮೀಟರಿಗೆ ತೆಗೆದದ್ದು, ಇನ್ನೊಂದು 10,000ಕ್ಕೆ. ಎರಡರ ಕಬ್ಬಿಣವನ್ನೂ ಸಾವಿರ ಕಿಲೋಮೀಟರಿಗೆ ಇಷ್ಟು ಎಂದು ಭಾಗಿಸದೆ ಹೋಲಿಸಿದರೆ ಸುಮ್ಮನೆ ಗಾಬರಿ.

ಇನ್ನೊಂದು ಮಿತಿ ಯಂತ್ರದ್ದೇ. ಸಾಮಾನ್ಯ ಸ್ಪೆಕ್ಟ್ರೋಮೀಟರ್ ಕೆಲವೇ ಮೈಕ್ರಾನಿನ ಕಣಗಳನ್ನಷ್ಟೆ ಸರಿಯಾಗಿ ಕಾಣುತ್ತದೆ. ಹತ್ತು ಮೈಕ್ರಾನ್ ದಾಟಿದ ಚೂರು ಅದರ ಲೆಕ್ಕಕ್ಕೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಬೇರಿಂಗ್ ದಪ್ಪ ಚೂರುಗಳಾಗಿ ಕಿತ್ತುಬರುತ್ತಿದ್ದರೂ ವರದಿ ಶಾಂತವಾಗಿರಬಹುದು. ಈ ಕೊರತೆ ತುಂಬಲು 1970ರ ದಶಕದ ಆರಂಭದಲ್ಲಿ ವರ್ನನ್ ವೆಸ್ಟ್‌ಕಾಟ್ ಫೆರೋಗ್ರಫಿ ರೂಪಿಸಿದರು. ಅದರಲ್ಲಿ ಅಯಸ್ಕಾಂತದಿಂದ ಕಣಗಳನ್ನು ಗಾಜಿನ ಮೇಲೆ ಸಾಲುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಾರಿನವರಿಗೆ ಅದು ದುಬಾರಿ. ಫಿಲ್ಟರ್ ಕುಯ್ದು ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುವುದೇ ಅಗ್ಗದ ಪರ್ಯಾಯ.

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕಾರ್ವೇರ್ ಮೂಲಕ. ಅದನ್ನು ದಿನಬಳಕೆಗೆ ತಂದ ಶ್ರೇಯಸ್ಸಿನ ದೊಡ್ಡ ಪಾಲು 1970ರ ದಶಕದ ಕೊನೆಯ ಸಾಬ್ 99 ಟರ್ಬೊಗೆ ಸಲ್ಲುತ್ತದೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳ್ಳಗಿನ ಆಯಿಲ್ ಪದರದ ಮೇಲೆ. ಘಾಟಿ ಹತ್ತಿ ಬಂದು ತಕ್ಷಣ ಎಂಜಿನ್ ಆರಿಸಿದರೆ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಬೇರಿಂಗ್ ಸುತ್ತ ನೀರು ಹರಿಸುವ ವಿನ್ಯಾಸ 1980ರ ದಶಕದಲ್ಲಿ ಹಬ್ಬಿದ್ದು ಈ ಕಾರಣಕ್ಕೆ. ವಿಶ್ಲೇಷಣೆಯ ದೃಷ್ಟಿಯಿಂದ ಇದೊಂದು ತಮಾಷೆಯ ಪರಿಸ್ಥಿತಿ. ಕರಿ ಟರ್ಬೊದಲ್ಲೇ ಅಂಟಿಕೊಂಡಿರುತ್ತದೆ, ಬಾಟಲಿಗೆ ಬರುವುದಿಲ್ಲ. ಆಯಿಲ್ ಎಷ್ಟು ಬೆಂದಿದೆ ಎಂಬುದನ್ನು ಇನ್‌ಫ್ರಾರೆಡ್ ಪರೀಕ್ಷೆಯ ಆಕ್ಸಿಡೇಶನ್ ಅಂಕಿಯಿಂದ, ಆಮ್ಲ ತಡೆಯುವ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ಟಿಬಿಎನ್‌ನಿಂದ ಊಹಿಸಬೇಕು. ಈ ಎರಡನ್ನೂ ಕೇಳದೆ ಬರೀ ಲೋಹ ಪರೀಕ್ಷೆ ಮಾಡಿಸುವುದು ಅರ್ಧ ಕೆಲಸ.

ನಿಜವಾದ ತಿರುವು ಬಂದದ್ದು ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಟರ್ಬೊ ಎಂಜಿನ್ನುಗಳಿಂದ. ಎಂಜಿನ್ ತಣ್ಣಗಿರುವಾಗ ಸಿಂಪಡಿಸಿದ ಪೆಟ್ರೋಲಿನ ಒಂದಂಶ ಗೋಡೆಗೆ ಬಡಿದು, ಪಿಸ್ಟನ್ ರಿಂಗ್ ದಾಟಿ, ತಳದ ಆಯಿಲ್ ಸಂಪ್‌ಗೆ ಇಳಿಯುತ್ತದೆ. 2018ರಲ್ಲಿ ಚೀನಾದ ಚಳಿ ಪ್ರದೇಶಗಳಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಕಾರುಗಳಲ್ಲಿ ಹೀಗೆ ಪೆಟ್ರೋಲ್ ಸೇರಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತ ಹೋಗಿ ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ನಮ್ಮ ಹವೆ ಅಷ್ಟು ಕ್ರೂರವಲ್ಲ, ಆದರೂ ಮೂರು ಕಿಲೋಮೀಟರ್ ಓಡಿ ನಿಲ್ಲುವ ಊರೊಳಗಿನ ಬಳಕೆಯಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಟರ್ಬೊ ಎಂದ ಮಾತ್ರಕ್ಕೆ ಎಲ್ಲ ಕಾರೂ ಒಂದೇ ಎಂದಲ್ಲ. 2017ರ ನೆಕ್ಸಾನ್‌ನ ಎಂಜಿನ್ ಪೆಟ್ರೋಲನ್ನು ಇನ್‌ಟೇಕ್ ಪೋರ್ಟಿಗೆ ಬಿಡುತ್ತಿತ್ತು, 2019ರ ವೆನ್ಯೂ ಟರ್ಬೊ ನೇರ ಸಿಲಿಂಡರಿಗೆ.

ಒಂದು ವರದಿ ಕಲ್ಪಿಸಿಕೊಳ್ಳೋಣ. 5ಡಬ್ಲ್ಯು-30 ಆಯಿಲ್, 8,000 ಕಿಲೋಮೀಟರ್. ಕಬ್ಬಿಣ 16, ಅಲ್ಯೂಮಿನಿಯಂ 5, ತಾಮ್ರ 4, ಸಿಲಿಕಾನ್ 11. 100 ಡಿಗ್ರಿಯಲ್ಲಿ ಸ್ನಿಗ್ಧತೆ 8.6 ಸೆಂಟಿಸ್ಟೋಕ್ಸ್, ಪೆಟ್ರೋಲ್ ಶೇ. 4. ಲೋಹದ ಸಾಲು ನೋಡಿದವ ನೆಮ್ಮದಿಯಿಂದ ಮಡಚಿಡುತ್ತಾನೆ. ಆದರೆ 30ರ ದರ್ಜೆಯ ಹೊಸ ಆಯಿಲ್ 9.3ಕ್ಕಿಂತ ಕೆಳಗೆ ಇರುವಂತಿಲ್ಲ. ಅಂದರೆ ಈ ಆಯಿಲ್ ತೆಳುವಾಗಿ 20ರ ದರ್ಜೆಗೆ ಜಾರಿದೆ. ಸವೆತ ಇನ್ನೂ ಶುರುವಾಗಿಲ್ಲ, ಅಷ್ಟೆ. ನನ್ನ ಪ್ರಕಾರ ಟರ್ಬೊ ಕಾರಿನ ವರದಿಯನ್ನು ಓದಬೇಕಾದ್ದು ಇಲ್ಲಿಂದಲೇ, ಕಬ್ಬಿಣ ಆಮೇಲೆ. ಪೆಟ್ರೋಲಿನ ಅಂಕಿಯನ್ನು ಕೆಲವು ಲ್ಯಾಬುಗಳು ಫ್ಲ್ಯಾಶ್ ಪಾಯಿಂಟಿನಿಂದ ಅಂದಾಜಿಸುತ್ತವೆ; ಗ್ಯಾಸ್ ಕ್ರೊಮಟೊಗ್ರಫಿ ಹೆಚ್ಚು ನಂಬಿಕೆಗೆ ಅರ್ಹ. ಸ್ಯಾಂಪಲ್ ತೆಗೆಯುವ ಮುನ್ನ ಬೆಂಗಳೂರಿನಿಂದ ಮೈಸೂರಿಗೆ ಒಮ್ಮೆ ಓಡಿಸಿ ಬಂದಿದ್ದರೆ ಸಾಕಷ್ಟು ಪೆಟ್ರೋಲ್ ಆವಿಯಾಗಿ ಹೋಗಿ ವರದಿ ಚೆಂದ ಕಾಣುತ್ತದೆ ಎನ್ನುವುದೂ ನೆನಪಿರಲಿ.

ಈಚಿನ ಗೊಂದಲ ಕ್ಯಾಲ್ಸಿಯಂ ಸಾಲಿನದು. ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಯುವಾಗ ಮಿಶ್ರಣ ಕಿಡಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಪ್ರಕರಣಗಳಲ್ಲಿ ಆಯಿಲಿನ ಕ್ಯಾಲ್ಸಿಯಂ ಡಿಟರ್ಜೆಂಟಿನ ಪಾತ್ರವೂ ಇರುವುದು ಗೊತ್ತಾಯಿತು. 2018ರ ಎಪಿಐ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳು ಈ ಹೊತ್ತಿಕೊಳ್ಳುವಿಕೆಗೆ ಕಡಿವಾಣ ಹಾಕಿದವು. ತಯಾರಕರು ಕ್ಯಾಲ್ಸಿಯಂ ಇಳಿಸಿ ಮೆಗ್ನೀಶಿಯಂ ಬೆರೆಸಿದರು. ಹಿಂದೆ 2,000 ಪಿಪಿಎಂ ದಾಟುತ್ತಿದ್ದ ಕ್ಯಾಲ್ಸಿಯಂ ಈಗ 1,200ರ ಆಸುಪಾಸು ಕಂಡರೆ ಆಯಿಲ್ ಸತ್ತಿದೆ ಎಂದರ್ಥವಲ್ಲ. ಅದೇ ಡಬ್ಬಿಯ ಹೊಸ ಆಯಿಲನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಇಟ್ಟುಕೊಂಡರೆ ಈ ತಕರಾರು ಬಗೆಹರಿಯುತ್ತದೆ.

ಪೊಟ್ಯಾಶಿಯಂ ಕಂಡಕೂಡಲೇ ಕೂಲೆಂಟ್ ಸೋರಿಕೆ ಎನ್ನುವುದು ಹಳೆಯ ರೂಢಿ. ಟರ್ಬೊ ವಾಹನಗಳ ಅಲ್ಯೂಮಿನಿಯಂ ಇಂಟರ್‌ಕೂಲರನ್ನು ಬೆಸೆಯಲು ಬಳಸುವ ಫ್ಲಕ್ಸಿನಲ್ಲೇ ಪೊಟ್ಯಾಶಿಯಂ, ಅಲ್ಯೂಮಿನಿಯಂ ಎರಡೂ ಇರುತ್ತವೆ. ಎಂಜಿನ್ ಹೊಸದಿರುವಾಗ ಇವೆರಡೂ ಜೊತೆಯಾಗಿ ಏರಿ, ಸೋಡಿಯಂ ಅಲುಗದೆ, ನೀರಿನ ಅಂಶವೂ ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಬಿಚ್ಚಿಸುವ ಮೊದಲು ಇನ್ನೊಂದು ಆಯಿಲ್ ಚೇಂಜ್ ಕಾಯುವುದು ಲೇಸು. ಫ್ಲಕ್ಸಿನದಾದರೆ ಮುಂದಿನ ವರದಿಗಳಲ್ಲಿ ಅಂಕಿ ತಾನಾಗಿ ಇಳಿಯುತ್ತ ಹೋಗುತ್ತದೆ, ಕೂಲೆಂಟಿನದಾದರೆ ಇಳಿಯುವುದಿಲ್ಲ.