ಊರು ಬಿಡುವುದು, ಮನೆ ಬಿಡಿಸುವುದು

2020ರಲ್ಲಿ ಚೆನ್ನೈ ಮಹಾನಗರಪಾಲಿಕೆಯು ಕೋವಿಡ್ ರೋಗಿಗಳಿದ್ದ ಮನೆಗಳ ಮುಂದೆ ಸೂಚನಾಪತ್ರಗಳನ್ನು ಅಂಟಿಸಿತು. ಕೆಲವೆಡೆ ಬಾಗಿಲಿಗೆ ಅಡ್ಡಲಾಗಿ ತಗಡನ್ನೂ ಬಡಿಯಿತು. ವೆಸ್ಟ್ ಮಾಂಬಲಂ ಸೇರಿರುವ ಕೋಡಂಬಾಕ್ಕಂ ವಲಯವು ಆಗ ಸೋಂಕು ಹೆಚ್ಚಿದ್ದ ವಲಯಗಳಲ್ಲೊಂದಾಗಿತ್ತು. ರೈಲುಹಳಿಯ ಪಶ್ಚಿಮಕ್ಕಿರುವ ಈ ಬಡಾವಣೆಯದು ಇಕ್ಕಟ್ಟಾದ ಬೀದಿಗಳು, ಒತ್ತೊತ್ತಾದ ಮನೆಗಳು. ಇಲ್ಲಿನ ಲೇಕ್ ವ್ಯೂ ರಸ್ತೆಯಲ್ಲಿ ಎಂ.ಸಿ. ಸುಬ್ರಹ್ಮಣ್ಯಂ ಅವರು 1953ರಲ್ಲಿ ಆರಂಭಿಸಿದ ಪಬ್ಲಿಕ್ ಹೆಲ್ತ್ ಸೆಂಟರ್ ಸೇವಾಸಂಸ್ಥೆಯೇ ಹೊರತು ಸರಕಾರದ್ದಲ್ಲ. ಚಿಕಿತ್ಸೆಯನ್ನು ಯಾರೂ ನೀಡಬಹುದು. ರೋಗಿಯನ್ನು ಮನೆಯವರಿಂದ ಬೇರ್ಪಡಿಸುವ ಅಧಿಕಾರ ಮಾತ್ರ ಪ್ರಭುತ್ವದ್ದು. ಈ ಅಧಿಕಾರದ ಚರಿತ್ರೆಯಲ್ಲಿ ಕನ್ನಡನಾಡಿನ ಅನುಭವವೊಂದು ವಿಶೇಷ ಗಮನಕ್ಕೆ ಅರ್ಹವೆಂದು ನಮ್ಮ ಭಾವನೆ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡ ಬಳಿಕ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ನಾಲ್ಕೇ ಕಲಮುಗಳ ಈ ಕಾಯಿದೆ ಪ್ರಯಾಣಿಕರನ್ನು ತಪಾಸಿಸುವ, ಶಂಕಿತರನ್ನು ಪ್ರತ್ಯೇಕಿಸುವ ವಿಪುಲ ಅಧಿಕಾರವನ್ನು ನೀಡಿತು. ರೋಗಿಯ ಹಕ್ಕುಗಳ ಬಗ್ಗೆ ಮೌನವಾಗಿತ್ತು. ಅದೇ ವರ್ಷ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾದನು.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲವದು. ಮುಂದೆ ತಾವೂ ದಿವಾನರಾದ ವಿ.ಪಿ. ಮಾಧವರಾಯರು ಪ್ಲೇಗು ಕಮಿಷನರರಾದರು. ಮನೆಗಳ ತಪಾಸಣೆ, ರೋಗಿಗಳ ಸಾಗಾಟ, ಸಂಪರ್ಕದಲ್ಲಿದ್ದವರಿಗೆ ಶಿಬಿರವಾಸ ನಡೆದವು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಜನ ದಂಗೆಯೆದ್ದರು. ಇದನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ಇಲಿ ಬಿದ್ದೊಡನೆ ಊರಿಗೆ ಊರೇ ಬರಿದಾಗಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ವಾಸಿಸಿದವರೂ ಇದೇ ಜನ. ಪ್ಲೇಗು ಇಲಿ ಮತ್ತು ಚಿಗಟಗಳಿಂದ ಹರಡುವುದರಿಂದ ಮನೆ ತೊರೆಯುವುದು ವೈದ್ಯಕೀಯವಾಗಿಯೂ ಸರಿಯಾದ ಕ್ರಮವೇ. ಊರೆಲ್ಲ ಕೂಡಿ ಬಿಡುವುದು ಜನಕ್ಕೆ ಒಪ್ಪಿಗೆಯಾಗಿತ್ತು. ಒಬ್ಬಳು ತಾಯಿಯನ್ನೋ ಒಂದು ಮಗುವನ್ನೋ ಗಾಡಿಯಲ್ಲಿ ಹಾಕಿ ಅಪರಿಚಿತರ ಕೈಗೊಪ್ಪಿಸುವುದು ಒಪ್ಪಿಗೆಯಾಗಿರಲಿಲ್ಲ. ಮಾರಿಯನ್ನು ಗಡಿ ದಾಟಿಸುವ ಆಚರಣೆಯಲ್ಲಿಯೂ ಹೊರಗಟ್ಟುವುದು ರೋಗವನ್ನೇ ಹೊರತು ರೋಗಿಯನ್ನಲ್ಲ. (ಬೆಂಗಳೂರಿನ ಪ್ಲೇಗಮ್ಮನ ಗುಡಿಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ.) ಕುಷ್ಠರೋಗಿಯ ವಿಷಯದಲ್ಲಿ ಸಮಾಜವೇ ಇಷ್ಟು ಉದಾರವಾಗಿರಲಿಲ್ಲವೆಂಬುದನ್ನೂ ಮರೆಯಲಾಗದು, 1898ರ ಕುಷ್ಠರೋಗಿಗಳ ಕಾಯಿದೆ ಹುಟ್ಟಿದ್ದು ಆ ಹಳೆಯ ನಿರ್ದಯತೆಯ ಆಸರೆಯಲ್ಲಿಯೇ. ಅದು ಪೂರ್ತಿ ರದ್ದಾದದ್ದು 2016ರಲ್ಲಿ.

ಮದರಾಸು ಪ್ರಾಂತ್ಯದ 1939ರ ಸಾರ್ವಜನಿಕ ಆರೋಗ್ಯ ಕಾಯಿದೆ ಹೆಚ್ಚು ವಿವರವಾದದ್ದು. ತಕ್ಕ ವಸತಿಯಿಲ್ಲದ ಸೋಂಕಿತರನ್ನು ಆಸ್ಪತ್ರೆಗೆ ಸಾಗಿಸಲು ಅದು ಆರೋಗ್ಯಾಧಿಕಾರಿಗೆ ಅಧಿಕಾರ ಕೊಟ್ಟಿತು. ‘ತಕ್ಕ ವಸತಿ’ ಎಂಬ ಮಾತಿನ ಭಾರ ವಠಾರದಲ್ಲಿ ಬಾಳಿದವರಿಗೆ ಗೊತ್ತು. ಬೇರೆ ಕೋಣೆಯುಳ್ಳವನು ಮನೆಯಲ್ಲಿಯೇ ಪ್ರತ್ಯೇಕನಾಗಿರಬಲ್ಲ. ಒಂದೇ ಕೋಣೆಯವನ ಬಾಗಿಲಿಗೆ ಗಾಡಿ ಬರುತ್ತದೆ. ಸೋಂಕು ತಡೆಯಲು ಪ್ರತ್ಯೇಕಿಸುವುದು ಅನಿವಾರ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇರ್ಪಟ್ಟವನ ಊಟ, ಕೂಲಿ, ಮನೆಯವರೊಡನೆ ಮಾತು, ಸತ್ತರೆ ಸಂಸ್ಕಾರ, ಇವುಗಳ ಹೊಣೆ ಹೊರದ ಪ್ರಭುತ್ವಕ್ಕೆ ಆ ಅಧಿಕಾರ ಅರ್ಧ ಮಾತ್ರ ಸಲ್ಲುತ್ತದೆ.

ಮನೆಬಾಗಿಲಿನ ಸೂಚನಾಪತ್ರಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ವಿಪತ್ತು ನಿರ್ವಹಣಾ ಕಾಯಿದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಅವನ್ನು ಅಂಟಿಸಕೂಡದೆಂದು ನ್ಯಾಯಾಲಯ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಯಾವ ಮನೆಯಲ್ಲಿ ಯಾರಿಗೆ ಸೋಂಕು ತಗುಲಿತ್ತೆಂಬುದು ಬೀದಿಗೆಲ್ಲ ತಿಳಿದುಹೋಗಿತ್ತು.